ಬಸಿರಿನ ರಕ್ತ, ಬೆಳೆದವರ ರಕ್ತ

ಹುಟ್ಟಿ ಎರಡು ದಿನವಾದ ಮಗು ರಕ್ತ ಕಾರಿಕೊಂಡರೆ ಹೆರಿಗೆ ವಾರ್ಡಿನಲ್ಲಿ ಎಲ್ಲರ ಎದೆ ಧಸಕ್ಕೆನ್ನುತ್ತದೆ. ಆ ರಕ್ತ ಮಗುವಿನದೋ, ಹೆರಿಗೆಯ ಹೊತ್ತಿನಲ್ಲೋ ಬಿರಿದ ಮೊಲೆತೊಟ್ಟಿನಿಂದಲೋ ಅದು ನುಂಗಿದ ತಾಯಿಯ ರಕ್ತವೋ? ತಿಳಿಯಲು ಹಳೆಯ ಪರೀಕ್ಷೆಯೊಂದಿದೆ. ರಕ್ತವನ್ನು ನೀರಿನಲ್ಲಿ ಕದಡಿ, ಮೇಲೆ ತಿಳಿಯಾಗಿ ನಿಂತ ಗುಲಾಬಿ ದ್ರವಕ್ಕೆ ಚೂರು ಸೋಡಿಯಂ ಹೈಡ್ರಾಕ್ಸೈಡ್ ಬೆರೆಸಿ ಒಂದೆರಡು ನಿಮಿಷ ಕಾಯಬೇಕು. ಹಳದಿಗಂದು ಬಣ್ಣಕ್ಕೆ ತಿರುಗಿದರೆ ತಾಯಿಯದು. ಗುಲಾಬಿಯಾಗಿಯೇ ಉಳಿದರೆ ಮಗುವಿನದು.

ಕ್ಷಾರಕ್ಕೆ ಬಗ್ಗದ ಈ ಹಟವನ್ನು ಮೊದಲು ಕಂಡವನು ಕೋರ್ಬರ್. 1866ರಲ್ಲಿ, ಇಂದಿನ ಎಸ್ಟೋನಿಯಾದಲ್ಲಿರುವ ಡೋರ್ಪಾಟ್‌ನಲ್ಲಿ. ಬಸಿರಿನಲ್ಲಿರುವ ಕೂಸಿನ ಹಿಮೋಗ್ಲೋಬಿನ್ ಬೇರೆಯೇ ಎಂಬುದಕ್ಕೆ ಅದು ಮೊದಲ ಸುಳಿವು. ಅದು ಆಮ್ಲಜನಕವನ್ನು ಹಿಡಿಯುವ ರೀತಿಯೂ ಬೇರೆ ಎಂದು ತಿಳಿಯಲು ಮತ್ತೆ ಅರವತ್ತು ವರ್ಷ ಬೇಕಾಯಿತು. ಅದಕ್ಕೆ ಮೊದಲು ಅಳೆಯುವ ಕೋಲು ಸಿದ್ಧವಾಗಬೇಕಿತ್ತು. 1904ರಲ್ಲಿ ಕೋಪನ್‌ಹೇಗನ್‌ನ ಕ್ರಿಸ್ಟಿಯನ್ ಬೋರ್ ಮತ್ತು ಸಂಗಡಿಗರು ರಕ್ತ ಆಮ್ಲಜನಕವನ್ನು ಹಿಡಿದು ಬಿಡುವ ರೇಖೆಯನ್ನು ಬರೆದು, ಇಂಗಾಲದ ಡೈಆಕ್ಸೈಡ್ ಹೆಚ್ಚಿದಂತೆ ಹಿಡಿತ ಸಡಿಲವಾಗುವುದನ್ನು ತೋರಿಸಿದರು. 1930ರಲ್ಲಿ ಆನ್ಸೆಲ್ಮಿನೋ ಮತ್ತು ಹಾಫ್‌ಮನ್ ಮನುಷ್ಯ ಭ್ರೂಣದ ರಕ್ತದ ರೇಖೆ ತಾಯಿಯದಕ್ಕಿಂತ ಎಡಕ್ಕಿದೆ, ಅಂದರೆ ಹಿಡಿತ ಬಿಗಿಯಾಗಿದೆ ಎಂದರು. ಪೆರುವಿನ ಸೆರೋ ದೆ ಪಾಸ್ಕೋ ಬೆಟ್ಟಕ್ಕೆ ಹೋಗಿ ತೆಳುಗಾಳಿಯಲ್ಲಿ ಮನುಷ್ಯರ ರಕ್ತವನ್ನು ಪರೀಕ್ಷಿಸಿ ಬಂದಿದ್ದ ಕೇಂಬ್ರಿಡ್ಜ್‌ನ ಜೋಸೆಫ್ ಬಾರ್ಕ್ರಾಫ್ಟ್, ಮುಂದೆ ಅದೇ ಆಸಕ್ತಿಯಿಂದ ಕುರಿಗಳ ಗರ್ಭದತ್ತ ತಿರುಗಿದರು.

ಈ ಹಿಡಿತಕ್ಕೆ ಅಳತೆ ಪಿ-50: ಹಿಮೋಗ್ಲೋಬಿನ್ ಅರ್ಧ ತುಂಬಲು ಬೇಕಾದ ಆಮ್ಲಜನಕದ ಒತ್ತಡ. ಬೆಳೆದ ಮನುಷ್ಯರಲ್ಲಿ ಇದು ಸುಮಾರು 27 ಮಿಲಿಮೀಟರ್ ಪಾದರಸ, ಹುಟ್ಟುವ ಕೂಸಿನಲ್ಲಿ ಸುಮಾರು 19. ಮಾಸಿನಲ್ಲಿ ತಾಯಿಯ ರಕ್ತ ಬಿಟ್ಟುಕೊಡುವ ಒತ್ತಡದಲ್ಲೇ ಮಗುವಿನ ರಕ್ತ ಸೆಳೆದುಕೊಳ್ಳುತ್ತದೆ.

ಹಾಗಾದರೆ ಭ್ರೂಣದ ಹಿಮೋಗ್ಲೋಬಿನ್ನಿಗೇ ಆ ಬಿಗಿತವಿದೆ ಎಂದುಕೊಂಡವರಿಗೆ 1953ರಲ್ಲಿ ಪೆಟ್ಟು ಬಿತ್ತು. ಆಲೆನ್, ವೈಮನ್ ಮತ್ತು ಸ್ಮಿತ್ ಎರಡೂ ಬಗೆಯ ಹಿಮೋಗ್ಲೋಬಿನ್ನನ್ನು ಕಣದಿಂದ ಹೊರತೆಗೆದು, ಅದರೊಡನಿದ್ದ ಸಣ್ಣ ಅಣುಗಳನ್ನು ಕಳೆದು ನೋಡಿದಾಗ ಹಿಡಿತದಲ್ಲಿ ವ್ಯತ್ಯಾಸವೇ ಉಳಿಯಲಿಲ್ಲ. ಈ ಇಡೀ ಚರಿತ್ರೆಯಲ್ಲಿ ನನಗೆ ಅತ್ಯಂತ ಪ್ರಿಯವಾದ ಪ್ರಯೋಗ ಇದೇ. ಕಳೆದುಹೋದದ್ದರಲ್ಲೇ ಉತ್ತರವಿತ್ತು. 1967ರಲ್ಲಿ ರೈನ್‌ಹೋಲ್ಡ್ ಮತ್ತು ರೂತ್ ಬೆನೆಶ್ ದಂಪತಿ, ಅವರಿಂದ ಬೇರೆಯಾಗಿ ಚನೂಟಿನ್ ಮತ್ತು ಕರ್ನಿಶ್, ಕೆಂಪುಕಣದೊಳಗಿನ ಡಿಪಿಜಿ ಎಂಬ ಫಾಸ್ಫೇಟ್ ಹಿಮೋಗ್ಲೋಬಿನ್ನಿಗೆ ಅಂಟಿಕೊಂಡು ಹಿಡಿತವನ್ನು ಸಡಿಲಿಸುತ್ತದೆ ಎಂದು ತೋರಿಸಿದರು. ಮುಂದಿನ ವರ್ಷಗಳಲ್ಲಿ ಮಿಕ್ಕದ್ದೂ ಬಿಡಿಸಿಕೊಂಡಿತು. ಡಿಪಿಜಿ ಕೂರುವುದು ಹಿಮೋಗ್ಲೋಬಿನ್ನಿನ ನಡುಗುಳಿಯಲ್ಲಿ. ವಯಸ್ಕರ ಬೀಟಾ ಸರಪಳಿಯ 143ನೇ ಜಾಗದಲ್ಲಿ ಹಿಸ್ಟಿಡಿನ್ ಇದೆ, ಭ್ರೂಣದ ಗ್ಯಾಮಾ ಸರಪಳಿಯಲ್ಲಿ ಅಲ್ಲಿ ಸೆರೀನ್. ಡಿಪಿಜಿಗೆ ಅಲ್ಲಿ ಕಾಲೂರಲು ಸರಿಯಾದ ನೆಲೆಯಿಲ್ಲ. ಭ್ರೂಣದ ಹಿಮೋಗ್ಲೋಬಿನ್ ಹೆಚ್ಚು ಹಿಡಿಯುತ್ತದೆ ಎನ್ನುವುದಕ್ಕಿಂತ, ಅದನ್ನು ಸಡಿಲಿಸುವ ಅಣುವಿಗೆ ಅದು ಕಿವಿಗೊಡುವುದಿಲ್ಲ ಎನ್ನುವುದೇ ಸರಿ.

ಇದು ಮನುಷ್ಯನ ಕತೆ. ಪಠ್ಯಪುಸ್ತಕಗಳು ಇದನ್ನೇ ಎಲ್ಲ ಸಸ್ತನಿಗಳಿಗೂ ಹೊದಿಸಿಬಿಡುವುದು ನನಗೆ ಬೇಸರದ ಸಂಗತಿ. ಕುರಿ, ಮೇಕೆಗಳಲ್ಲಿ ಡಿಪಿಜಿಯ ಪಾತ್ರ ಅಷ್ಟಕ್ಕಷ್ಟೆ. ಅಲ್ಲಿ ಭ್ರೂಣದ ಹಿಮೋಗ್ಲೋಬಿನ್ನಿಗೇ ಹುಟ್ಟುಗುಣವಾಗಿ ಬಿಗಿತವಿದೆ. ಹಂದಿ, ನಾಯಿಗಳಿಗೆ ಬೇರೆ ಭ್ರೂಣ ಹಿಮೋಗ್ಲೋಬಿನ್ನೇ ಇಲ್ಲ. ವಯಸ್ಕ ಹಿಮೋಗ್ಲೋಬಿನ್ನನ್ನೇ ಇಟ್ಟುಕೊಂಡು ಕಣದೊಳಗಿನ ಡಿಪಿಜಿಯನ್ನು ಕಡಿಮೆ ಮಾಡಿಕೊಳ್ಳುತ್ತವೆ, ಹುಟ್ಟಿದ ಮೇಲೆ ಅದು ಏರುತ್ತದೆ. ಬೆಕ್ಕಿನಲ್ಲಿ ತಾಯಿ-ಮರಿಗಳ ರೇಖೆಗಳ ನಡುವೆ ಹೇಳಿಕೊಳ್ಳುವಂಥ ಅಂತರವೇ ಇಲ್ಲ. ಆದರೂ ಮರಿಗಳು ಸುಖವಾಗಿ ಹುಟ್ಟುತ್ತವೆ.

ಹಾಗಿದ್ದರೆ ಈ ಬಿಗಿ ಹಿಡಿತ ಬಸಿರಿಗೆ ಅನಿವಾರ್ಯವೇ? ನ್ಯೂಜಿಲೆಂಡಿನ ಲೈಲಿ 1963ರಲ್ಲಿ ಆರ್‌ಎಚ್ ತೊಡಕಿನ ಭ್ರೂಣಗಳಿಗೆ ಗರ್ಭದಲ್ಲೇ ವಯಸ್ಕ ದಾನಿಗಳ ರಕ್ತ ಕೊಟ್ಟರು. ಆ ವಿಧಾನದಿಂದ ಬದುಕಿದ ಎಷ್ಟೋ ಮಕ್ಕಳು ಹುಟ್ಟುವಾಗ ಅವರ ಮೈಯಲ್ಲಿದ್ದದ್ದು ಬಹುಪಾಲು ವಯಸ್ಕ ರಕ್ತವೇ. ಜೀವನವಿಡೀ ಭ್ರೂಣದ ಹಿಮೋಗ್ಲೋಬಿನ್ನೇ ಉಳಿಯುವ ವಂಶವಾಹಿ ಸ್ಥಿತಿಯ ತಾಯಂದಿರೂ ಆರೋಗ್ಯವಂತ ಮಕ್ಕಳನ್ನು ಹೆತ್ತಿದ್ದಾರೆ. ಮಾಸಿನ ರಕ್ತದ ಹರಿವು, ಭ್ರೂಣದ ಗುಂಡಿಗೆಯ ವೇಗ ಕೊರತೆಯನ್ನು ತುಂಬುತ್ತವೆ. ಬಿಗಿ ಹಿಡಿತ ಅನುಕೂಲ, ಆದರೆ ಅದೊಂದೇ ಆಸರೆಯಲ್ಲ ಎಂದು ನಾನು ನಂಬುತ್ತೇನೆ.

ಹುಟ್ಟಿದ ಮೇಲೆ ಗ್ಯಾಮಾ ಸರಪಳಿ ಹಿಂದೆ ಸರಿದು ಬೀಟಾ ಮುಂದೆ ಬರುತ್ತದೆ, ಡಿಪಿಜಿಯೂ ಏರುತ್ತದೆ. ಮೊದಲ ದಿನ 19ರ ಆಸುಪಾಸಿದ್ದ ಪಿ-50, ವರ್ಷ ತುಂಬುವ ಮೊದಲೇ 30ರ ಹತ್ತಿರ ಬರುತ್ತದೆ ಎಂದು 1971ರ ಒಂದು ಅಧ್ಯಯನ ಅಳೆಯಿತು. ಈ ಬದಲಾವಣೆಯ ಬೆಲೆಯನ್ನು 1948ರಲ್ಲೇ ಕಂಡಿದ್ದವರು ಬ್ರೂಕ್ಲಿನ್‌ನ ಮಕ್ಕಳ ವೈದ್ಯೆ ಜಾನೆಟ್ ವಾಟ್ಸನ್. ಕುಡಗೋಲು ಕಣ ರೋಗವಿರುವ ಮಕ್ಕಳು ಹುಟ್ಟಿದ ಮೊದಲ ತಿಂಗಳುಗಳಲ್ಲಿ ಚೆನ್ನಾಗಿರುವುದಕ್ಕೆ ಉಳಿದಿರುವ ಭ್ರೂಣ ಹಿಮೋಗ್ಲೋಬಿನ್ನೇ ಕಾರಣವಿರಬೇಕೆಂದು ಅವರು ಊಹಿಸಿದರು. 2008ರಲ್ಲಿ ಬಿಸಿಎಲ್11ಎ ಎಂಬ ಪ್ರೋಟೀನು ಗ್ಯಾಮಾ ಜೀನನ್ನು ಅದುಮಿಡುತ್ತದೆಂದು ಗೊತ್ತಾಯಿತು. ರಕ್ತದ ಮೂಲಕೋಶಗಳಲ್ಲಿ ಅದರ ಹಿಡಿತ ತಪ್ಪಿಸುವ ಜೀನ್ ತಿದ್ದುಪಡಿ ಚಿಕಿತ್ಸೆಗೆ 2023ರ ನವೆಂಬರ್‌ನಲ್ಲಿ ಬ್ರಿಟನ್, ಡಿಸೆಂಬರ್‌ನಲ್ಲಿ ಅಮೆರಿಕ ಒಪ್ಪಿಗೆ ಕೊಟ್ಟವು. ಚಿಕಿತ್ಸೆ ಪಡೆದವರ ರಕ್ತದಲ್ಲಿ ಈಗ ಸುಮಾರು 40 ಪ್ರತಿಶತ ಬಸಿರಿನ ಹಿಮೋಗ್ಲೋಬಿನ್.