ಕೆತ್ತಿದ ಹೆಸರು, ಕೆತ್ತಿದ ಗೆರೆ

ಹಡಗಿನ ಸೆಕ್ಸ್ಟೆಂಟಿಗೆ ಜಪಾನಿನಲ್ಲಿ ‘ರೊಕುಬುಂಗಿ’ ಎಂದು ಹೆಸರು. ಆರನೇ ಒಂದು ಭಾಗದ ಉಪಕರಣ ಎಂದು ಅರ್ಥ. ಅದರ ಕಮಾನು ವೃತ್ತದ ಆರನೇ ಒಂದರಷ್ಟು, ಅಂದರೆ 60 ಡಿಗ್ರಿ. ಸೂರ್ಯನನ್ನೋ ನಕ್ಷತ್ರವನ್ನೋ ಕನ್ನಡಿಯಲ್ಲಿ ದಿಗಂತದ ಗೆರೆಗೆ ಇಳಿಸಿ, ಅದರ ಎತ್ತರ ಓದಿ, ಹಡಗು ಎಲ್ಲಿದೆಯೆಂದು ಲೆಕ್ಕ ಹಾಕುವುದು ಇದರ ಕೆಲಸ.

ಈ ವಿದ್ಯೆ ಜಪಾನಿಗೆ ಹೊರಗಿನಿಂದ ಬಂತು. 1855ರಲ್ಲಿ ನಾಗಸಾಕಿಯಲ್ಲಿ ಶುರುವಾದ ತರಬೇತಿ ಶಾಲೆಯಲ್ಲಿ ಡಚ್ಚರು ಸಮುರಾಯಿಗಳಿಗೆ ನೌಕಾವಿದ್ಯೆ ಕಲಿಸಿದರು. 1860ರಲ್ಲಿ ‘ಕಾನ್ರಿನ್ ಮಾರು’ ಹಡಗು ಪೆಸಿಫಿಕ್ ದಾಟಿದಾಗಲೂ ಅಮೆರಿಕದ ನಾವಿಕರ ನೆರವಿತ್ತು. ಮುಂದಿನ ಶತಮಾನದಲ್ಲಿ ಜಪಾನೀ ಸೆಕ್ಸ್ಟೆಂಟುಗಳೇ ಹೊರದೇಶಗಳಿಗೆ ಹೋದವು.

ಜಿಪಿಎಸ್ ಬಂದಮೇಲೆ ಅವು ಹಡಗಿಳಿದು ಹಳೆಯ ಸಾಮಾನಿನ ಪೇಟೆ ಸೇರಿದವು. ಅಲ್ಲಿ ಎಲ್ಲರೂ ಕೇಳುವುದು ‘ತಮಾಯಾ’ ಹೆಸರನ್ನು. ಅದರ ನೆರಳಲ್ಲಿ ಉಳಿದ ತಯಾರಕರ ಉಪಕರಣಗಳನ್ನು ಗುರುತಿಸಬೇಕಾದರೆ ಶಾಸನ ಓದುವವರ ತಾಳ್ಮೆ ಬೇಕು.

ಮೊದಲು ಫಲಕ ನೋಡಬೇಕು. ಅದರಲ್ಲಿ ಶೋವಾ ಶಕೆಯ ವರ್ಷವಿದ್ದರೆ 1925 ಕೂಡಿಸಿ: ಶೋವಾ 18 ಎಂದರೆ 1943, ಮಹಾಯುದ್ಧದ ನಡುವಿನ ಕಾಲ. ‘ಆಕ್ರಮಿತ ಜಪಾನಿನಲ್ಲಿ ತಯಾರಾದದ್ದು’ ಎಂದು ಇಂಗ್ಲಿಷಿನಲ್ಲಿದ್ದರೆ, ಅದು ಯುದ್ಧ ಸೋತ ದೇಶ 1952ಕ್ಕೆ ಮೊದಲು ಹೊರಗೆ ಮಾರಿದ ಸರಕು. ಫಲಕದ ಹೆಸರು ತಯಾರಕನದೇ ಆಗಬೇಕೆಂದಿಲ್ಲ, ಮಾರಿದ ವ್ಯಾಪಾರಿಯದೂ ಇರಬಹುದು. ಪೆಟ್ಟಿಗೆಯಲ್ಲಿರುವ ಪರೀಕ್ಷಾ ಪತ್ರದ ಸಂಖ್ಯೆ ಉಪಕರಣದ ಸಂಖ್ಯೆಗೆ ಹೊಂದದಿದ್ದರೆ, ಎರಡೂ ಬೇರೆ ಬೇರೆ ಕಡೆಯಿಂದ ಬಂದವು.

ಆದರೆ ಸಮುದ್ರದಲ್ಲಿ ಹೆಸರಿಗಿಂತ ಗೆರೆ ಮುಖ್ಯ. ಎತ್ತರ ಓದುವಾಗ ಡಿಗ್ರಿಯ 60ನೇ ಒಂದು ಭಾಗ ತಪ್ಪಿದರೆ, ನಕ್ಷೆಯ ಮೇಲೆ ಒಂದು ನಾಟಿಕಲ್ ಮೈಲಿ, ಅಂದರೆ 1852 ಮೀಟರ್ ತಪ್ಪುತ್ತದೆ. ಬಂಡೆಗಳಿರುವ ದಡದ ಬಳಿ ಅಷ್ಟು ಸಾಕು, ಹಡಗು ಒಡೆಯಲು. ಆದ್ದರಿಂದ ದೂರದ ದಿಗಂತವನ್ನು ನೋಡುತ್ತ ತಿರುಗಣೆಯನ್ನು ಒಮ್ಮೆ ಬಲದಿಂದ, ಒಮ್ಮೆ ಎಡದಿಂದ ತಿರುಗಿಸಿ ಗೆರೆ ಕೂಡಿಸಬೇಕು. ಎರಡು ಸಲವೂ ಒಂದೇ ಅಂಕಿ ಬಂದರೆ ಹಲ್ಲುಗಳು ಸವೆದಿಲ್ಲ. ಮಂಕಾದ ಕನ್ನಡಿಯನ್ನು ಬದಲಿಸಬಹುದು. ಚೌಕಟ್ಟು ಬಾಗಿದ್ದರೆ ಎಷ್ಟು ದೊಡ್ಡ ಹೆಸರಿದ್ದರೂ ಬಿಟ್ಟುಬಿಡಿ.

ಯಾರೂ ಕೇಳದ ಹೆಸರಿನ ಕೆಳಗೆ ಗೆರೆಗಳು ನೇರವಾಗಿದ್ದರೆ, ಅದನ್ನು ಕೊರೆದವನ ಕೈ ಒಳ್ಳೆಯದಿತ್ತು. ಅವನ ಬಗ್ಗೆ ಉಳಿದಿರುವ ದಾಖಲೆ ಬಹುಶಃ ಅದೊಂದೇ.