ಉಪಗ್ರಹ ಬದಲಾದಾಗ ಡಿಶ್ ತಿರುಗಿಸುವವರು ಯಾರು?

ಬೆಳಗಾವಿಯ ಹಿಂದವಾಡಿಯ ಯಾವ ಮಾಳಿಗೆ ಹತ್ತಿ ನಿಂತರೂ ಸುತ್ತಲಿನ ಡಿಶ್‌ಗಳೆಲ್ಲ ಒಂದೇ ದಿಕ್ಕಿಗೆ ಮುಖ ಮಾಡಿದಂತೆ ಕಾಣುತ್ತವೆ. ದಿಕ್ಸೂಚಿ ಹಿಡಿದು ನೋಡಿದರೆ ಹಾಗಲ್ಲ. ಟಾಟಾ ಪ್ಲೇ ಡಿಶ್ ದಕ್ಷಿಣದಿಂದ 29 ಡಿಗ್ರಿಯಷ್ಟು ಮಾತ್ರ ಪೂರ್ವಕ್ಕೆ ವಾಲಿರುತ್ತದೆ. ಅದಕ್ಕೆ ಕಿರಣ ಬರುವುದು ನೆಲದಿಂದ 69 ಡಿಗ್ರಿ ಎತ್ತರದಿಂದ, ಅಂದರೆ ಹೆಚ್ಚುಕಡಿಮೆ ನೆತ್ತಿಯ ಮೇಲಿಂದ. ದೂರದರ್ಶನದ ಫ್ರೀ ಡಿಶ್ ಆಗ್ನೇಯಕ್ಕೆ, 61 ಡಿಗ್ರಿ ಎತ್ತರಕ್ಕೆ ನೋಡುತ್ತದೆ. ಏರ್‌ಟೆಲ್‌ನದು ಇನ್ನೂ ಪೂರ್ವಕ್ಕೆ ಹೊರಳಿ 47 ಡಿಗ್ರಿಗೆ ಇಳಿದಿರುತ್ತದೆ. ಹಿಂದವಾಡಿಯಂಥ ಬಯಲು ಬಡಾವಣೆಯಲ್ಲಿ ಈ ವ್ಯತ್ಯಾಸದಿಂದ ಆಗಬೇಕಾದ್ದೇನೂ ಇಲ್ಲ. ಖಾನಾಪುರ ತಾಲ್ಲೂಕಿನ ಜಾಂಬೋಟಿ, ಕಣಕುಂಬಿ ಕಡೆ ಹೋದರೆ ಲೆಕ್ಕವೇ ಬೇರೆ. ಅಲ್ಲಿ ಮನೆಯ ಸುತ್ತ ಮರ. 69 ಡಿಗ್ರಿಗೆ ಸಿಗುವ ಬಾನು 47 ಡಿಗ್ರಿಗೆ ಸಿಗುವುದಿಲ್ಲ.

ಟಿವಿ ಉಪಗ್ರಹಗಳು ಸಮಭಾಜಕ ವೃತ್ತದ ನೇರ ಮೇಲೆ ಸುಮಾರು 36,000 ಕಿ.ಮೀ. ಎತ್ತರದಲ್ಲಿ, ಭೂಮಿಯ ಜೊತೆಜೊತೆಗೇ ಸುತ್ತುತ್ತವೆ. ಹಾಗಾಗಿ ನಮ್ಮ ಪಾಲಿಗೆ ಅವು ನಿಂತಲ್ಲೇ ನಿಂತಿರುತ್ತವೆ. ಅವುಗಳ ವಿಳಾಸ ಎಂದರೆ ರೇಖಾಂಶ: ಟಾಟಾ ಪ್ಲೇಗೆ 83 ಡಿಗ್ರಿ ಪೂರ್ವ, ಫ್ರೀ ಡಿಶ್‌ಗೆ 93.5, ಏರ್‌ಟೆಲ್‌ಗೆ 108.2. ಬೆಳಗಾವಿ 74.5ರಲ್ಲಿದೆ. ಚಾನೆಲ್‌ಗಳನ್ನು ಹೊಸ ಉಪಗ್ರಹಕ್ಕೆ ಸಾಗಿಸಲಾಯಿತು ಎಂಬ ಒಂದು ಸಾಲಿನ ಸುದ್ದಿಯಲ್ಲಿ ಎರಡು ಬೇರೆ ಸಂಗತಿಗಳು ಅಡಗಿರುತ್ತವೆ. ಹೊಸ ಉಪಗ್ರಹ ಹಳೆಯದರ ವಿಳಾಸಕ್ಕೇ ಬಂದು ನಿಂತರೆ ಕೆಲಸವೆಲ್ಲ ಕಂಪನಿಯದು, ಹೆಚ್ಚೆಂದರೆ ಮನೆಯವರು ರಿಮೋಟ್ ಒತ್ತಿ ಚಾನೆಲ್ ಹುಡುಕಿಕೊಳ್ಳಬೇಕು. ವಿಳಾಸವೇ ಬದಲಾದರೆ ಲಕ್ಷಾಂತರ ಮಾಳಿಗೆಗಳ ಮೇಲೆ ಲಕ್ಷಾಂತರ ಜನ ಹತ್ತಬೇಕು. ಐವತ್ತು ವರ್ಷಗಳ ನಮ್ಮ ಉಪಗ್ರಹ ಟಿವಿಯ ಕಥೆಯನ್ನು ಈ ಒಂದು ಪ್ರಶ್ನೆ ಹಿಡಿದೇ ಓದಬೇಕೆಂದು ನನಗನ್ನಿಸುತ್ತದೆ: ಪ್ರತಿ ಸಲ ಸರಿದವರು ಯಾರು?

ಮೊದಲ ಸಲ ಸರಿದದ್ದು ಉಪಗ್ರಹವೇ. ಅಮೆರಿಕದ ನಾಸಾ 1974ರಲ್ಲಿ ಹಾರಿಸಿದ ಎಟಿಎಸ್-6 ಅನ್ನು ಮರುವರ್ಷ ನಮಗಾಗಿ 35 ಡಿಗ್ರಿ ಪೂರ್ವಕ್ಕೆ ತಂದು ನಿಲ್ಲಿಸಲಾಯಿತು. 1975ರ ಆಗಸ್ಟ್ 1ರಿಂದ ಆರು ರಾಜ್ಯಗಳ 2,400 ಹಳ್ಳಿಗಳಿಗೆ ನೇರ ಪ್ರಸಾರ ಶುರುವಾಯಿತು. ‘ಸೈಟ್’ ಎಂದು ಹೆಸರಾದ ಆ ಪ್ರಯೋಗದಲ್ಲಿ ಕರ್ನಾಟಕದಿಂದ ಸೇರಿದ್ದು ವಿಜಾಪುರ, ಗುಲಬರ್ಗಾ, ರಾಯಚೂರು ಜಿಲ್ಲೆಗಳು. ಪಕ್ಕದ ಬೆಳಗಾವಿಗೆ ಆ ಭಾಗ್ಯ ಇರಲಿಲ್ಲ. ಕೋಳಿ ಗೂಡಿಗೆ ಬಳಸುವ ತಂತಿ ಬಲೆಯಿಂದ ಮಾಡಿದ, ಹತ್ತು ಅಡಿ ಅಗಲದ ಡಿಶ್‌ಗಳನ್ನು ಹಳ್ಳಿಗಳಲ್ಲಿ ಪಡುವಣದ ಕಡೆಗೆ ಮುಖ ಮಾಡಿ ನಿಲ್ಲಿಸಿದ್ದರು. ಬೆಳಿಗ್ಗೆ ಶಾಲಾ ಮಕ್ಕಳಿಗೆ, ಸಂಜೆ ದೊಡ್ಡವರಿಗೆ, ದಿನಕ್ಕೆ ಒಟ್ಟು ನಾಲ್ಕು ತಾಸು ಪ್ರಸಾರ. ಕನ್ನಡವೂ ಆ ಪ್ರಸಾರದ ಭಾಷೆಗಳಲ್ಲೊಂದು. ವಿಜಾಪುರದ ಒಬ್ಬ ರೈತ ದಿಲ್ಲಿಯ ಎಷ್ಟೋ ಪಟ್ಟಣಿಗರಿಗಿಂತ ಮೊದಲು ಬಾನಿಂದ ನೇರವಾಗಿ ಬಂದ ಟಿವಿ ನೋಡಿದ್ದ ಎಂಬುದನ್ನು ನಾವು ಮರೆತೇಬಿಟ್ಟಿದ್ದೇವೆ. 1976ರ ಜುಲೈ 31ಕ್ಕೆ ಅವಧಿ ಮುಗಿಯಿತು. ಉಪಗ್ರಹ ಅಮೆರಿಕದ ಕಡೆಗೆ ಮರಳಿತು. ಡಿಶ್‌ಗಳು ಗಟ್ಟಿಮುಟ್ಟಾಗಿದ್ದವು, ನೋಡುವ ಆಸೆಯೂ ಇತ್ತು; ಆ ವಿಳಾಸದಲ್ಲಿ ಏನೂ ಉಳಿದಿರಲಿಲ್ಲ. ಬೇರೆಯವರ ಉಪಗ್ರಹ ನೆಚ್ಚಿಕೊಂಡರೆ ಏನಾಗುತ್ತದೆ ಎಂದು ಉತ್ತರ ಕರ್ನಾಟಕದ ಹಳ್ಳಿಗಳಿಗೆ ಆಗಲೇ ಗೊತ್ತಾಗಿತ್ತು.

ಸ್ವಂತದ್ದು ಬರಲು ಆರು ವರ್ಷ ಹಿಡಿಯಿತು. 1982ರ ಏಪ್ರಿಲ್‌ನಲ್ಲಿ ಏರಿದ ಇನ್ಸಾಟ್-1ಎ ಸೆಪ್ಟೆಂಬರ್‌ಗೇ ಕೈಕೊಟ್ಟಿತು. 1983ರ ಆಗಸ್ಟ್‌ನಲ್ಲಿ ಚಾಲೆಂಜರ್ ನೌಕೆ ಹೊತ್ತೊಯ್ದ ಇನ್ಸಾಟ್-1ಬಿ ನಿಂತುಕೊಂಡಿತು. ಇವುಗಳ ಲಗಾಮು ಹಾಸನದ ಮುಖ್ಯ ನಿಯಂತ್ರಣ ಕೇಂದ್ರದ ಕೈಯಲ್ಲಿ. ಚಂದ್ರ, ಸೂರ್ಯರ ಸೆಳೆತಕ್ಕೆ ಉಪಗ್ರಹ ದಿನದಿನವೂ ಇಷ್ಟಿಷ್ಟೇ ಜರುಗುತ್ತದೆ. ಅದನ್ನು ಸಣ್ಣ ಎಂಜಿನ್ ಉರಿಸಿ ಮತ್ತೆ ಜಾಗಕ್ಕೆ ತರಬೇಕು. ಹನ್ನೆರಡು ಹದಿನೈದು ವರ್ಷಕ್ಕೆ ಅದರ ಇಂಧನ ತೀರುತ್ತದೆ. ಕೊನೆಯ ಗುಟುಕು ಇಂಧನದಲ್ಲಿ ಅದನ್ನು ಇನ್ನೂ ಮುನ್ನೂರು ಕಿ.ಮೀ. ಮೇಲಕ್ಕೆ ತಳ್ಳಿ, ಬರುವ ಉಪಗ್ರಹಕ್ಕೆ ದಾರಿ ಬಿಡಿಸುತ್ತಾರೆ. ಚಾನೆಲ್‌ಗಳ ವಲಸೆಗೆ ಮೂಲ ಕಾರಣ ಇದೇ. ಉಪಗ್ರಹ ಚೆನ್ನಾಗಿ ಕೆಲಸ ಮಾಡುತ್ತಿದ್ದಾಗಲೇ ಅದರ ನಿವೃತ್ತಿಯ ದಿನ ಲೆಕ್ಕಕ್ಕೆ ಸಿಗುತ್ತದೆ.

ಎಂಬತ್ತರ ದಶಕದಲ್ಲಿ ಈ ತಾಪತ್ರಯ ಮನೆಯವರಿಗೆ ಇರಲಿಲ್ಲ. ಊರೂರಿನ ಮರುಪ್ರಸಾರ ಕೇಂದ್ರ ಉಪಗ್ರಹದಿಂದ ಹಿಡಿದು ಕೊಟ್ಟದ್ದನ್ನು ಕಡ್ಡಿ ಆಂಟೆನಾ ಹಿಡಿಯುತ್ತಿತ್ತು. ಬಂದದ್ದು ಬಹುಪಾಲು ದಿಲ್ಲಿಯ ಹಿಂದಿ ಕಾರ್ಯಕ್ರಮ. 1981ರ ನವೆಂಬರ್ 1ರಂದೇ ಬೆಂಗಳೂರು ದೂರದರ್ಶನ ಶುರುವಾಗಿದ್ದರೂ ಅದರ ಕನ್ನಡ ರಾಜ್ಯದ ಅಂಚಿನವರೆಗೆ ಸರಾಗವಾಗಿ ತಲುಪಲು ಉಪಗ್ರಹದ ಪ್ರಾದೇಶಿಕ ವಾಹಿನಿಗಾಗಿ, ಅಂದರೆ ಇಂದಿನ ಚಂದನಕ್ಕಾಗಿ, ತೊಂಬತ್ತರ ದಶಕದವರೆಗೆ ಕಾಯಬೇಕಾಯಿತು.

ಆ ಹೊತ್ತಿಗೆ ಕೇಬಲ್‌ನವರು ಬಂದಿದ್ದರು. 1991ರಲ್ಲಿ ಸ್ಟಾರ್, 1992ರಲ್ಲಿ ಜೀ, ಎರಡೂ ಏಷ್ಯಾಸ್ಯಾಟ್-1ರ ಮೇಲೆ, 105.5 ಡಿಗ್ರಿಯಿಂದ. ಆ ಉಪಗ್ರಹದ್ದೇ ಒಂದು ಕಥೆ. ವೆಸ್ಟಾರ್-6 ಎಂಬ ಹೆಸರಿನಲ್ಲಿ 1984ರ ಫೆಬ್ರುವರಿಯಲ್ಲಿ ಹಾರಿ, ಸರಿಯಾದ ಕಕ್ಷೆ ಸೇರದೆ ಅಬ್ಬೇಪಾರಿಯಾಗಿತ್ತು. ಅದೇ ನವೆಂಬರ್‌ನಲ್ಲಿ ಡಿಸ್ಕವರಿ ನೌಕೆಯ ಗಗನಯಾತ್ರಿಗಳು ಅದನ್ನು ಹಿಡಿದು ಭೂಮಿಗೆ ತಂದರು. ರಿಪೇರಿಯಾಗಿ, ಹೆಸರು ಬದಲಿಸಿಕೊಂಡು, 1990ರಲ್ಲಿ ಚೀನಾದ ರಾಕೆಟ್ ಏರಿ ಮತ್ತೆ ಹೋಯಿತು. ನಮ್ಮ ಊರುಗಳಿಗೆ ಮೊದಲ ಖಾಸಗಿ ಚಾನೆಲ್ ತಂದದ್ದು ಹೀಗೆ ಒಮ್ಮೆ ನೆಲಕ್ಕೆ ಇಳಿದು ಹೋದ ಉಪಗ್ರಹ. 1999ರಲ್ಲಿ ಅದರ ಜಾಗಕ್ಕೆ ಏಷ್ಯಾಸ್ಯಾಟ್-3ಎಸ್ ಬಂತು, ಅದರ ತರುವಾಯ ಏಷ್ಯಾಸ್ಯಾಟ್-7. ವಿಳಾಸ ಮಾತ್ರ 105.5ರಲ್ಲೇ ಉಳಿಯಿತು.

1994ರ ಜೂನ್‌ನಲ್ಲಿ ಉದಯ ಟಿವಿ ಶುರುವಾದಾಗ ಕೇಬಲ್‌ನವರಿಗೆ ಕನ್ನಡದ ಹೊಸ ಗಿರಾಕಿಗಳು ಸಿಕ್ಕರು. ಮುಂದೆ ಉದಯ ಸೇರಿದ ಸನ್ ಬಳಗದ ಚಾನೆಲ್‌ಗಳು 66 ಡಿಗ್ರಿಯ ಇಂಟೆಲ್‌ಸ್ಯಾಟ್-17ಕ್ಕೆ ಹೋದವು. ಬೆಳಗಾವಿಯಿಂದ ನೋಡಿದರೆ 66 ಮತ್ತು 83 ಸರಿಸಮ ದೂರ: ಒಂದು ದಕ್ಷಿಣದಿಂದ 29 ಡಿಗ್ರಿ ಪಡುವಣಕ್ಕೆ, ಇನ್ನೊಂದು ಅಷ್ಟೇ ಮೂಡಣಕ್ಕೆ. ಅದಕ್ಕೇ ಕೇಬಲ್‌ನವರ ಮಾಳಿಗೆಯ ದೊಡ್ಡ ಡಿಶ್‌ಗಳು ಒಂದು ಪಡುವಣಕ್ಕೆ, ಇನ್ನೊಂದು ಮೂಡಣಕ್ಕೆ ವಾಲಿ ನಿಲ್ಲುತ್ತಿದ್ದವು. ಕಂಪನಿ ಉಪಗ್ರಹ ಬದಲಿಸುವಾಗ ಕೆಲವು ವಾರ ಹಳೆಯದರಲ್ಲೂ ಹೊಸದರಲ್ಲೂ ಒಟ್ಟಿಗೇ ಪ್ರಸಾರ ನಡೆಸುತ್ತದೆ. ಅಷ್ಟರಲ್ಲಿ ಕೇಬಲ್‌ನವನು ಇನ್ನೊಂದು ಡಿಶ್ ಹೂಡಿ, ಸಿಗ್ನಲ್ ಹಿಡಿದು, ವೈರ್ ಬದಲಿಸಿಬಿಟ್ಟರೆ ಆಯಿತು. ಒಬ್ಬನ ಒಂದು ದಿನದ ದುಡಿಮೆಯಲ್ಲಿ ಓಣಿಗಳ ಸಾವಿರಾರು ಮನೆ ಪಾರು. ಕೇಬಲ್‌ನವರ ಈ ದುಡಿಮೆಯನ್ನು ಯಾರೂ ಎಣಿಸಲಿಲ್ಲ ಎಂಬುದು ನನ್ನ ದೂರು. ಚಾನೆಲ್‌ಗಳ ಇತಿಹಾಸ ಬರೆಯುವವರು ನಿರೂಪಕರನ್ನು, ಧಾರಾವಾಹಿಗಳನ್ನು ನೆನೆಯುತ್ತಾರೆ. ಬೇಸಿಗೆಯ ಬಿಸಿಲಲ್ಲಿ ಡಿಶ್ ಬೋಲ್ಟ್ ಬಿಗಿದವರ ನೆನಪು ಯಾರಿಗೂ ಬರುವುದಿಲ್ಲ.

ಮನೆಗೊಂದು ಡಿಶ್ ಬಂದಾಗ ಆ ದುಡಿಮೆ ಮನೆಮನೆಗೆ ಹಂಚಿಹೋಯಿತು. ಡಿಶ್ ಟಿವಿ 2003ರಲ್ಲಿ, ದೂರದರ್ಶನದ ಡಿಡಿ ಡೈರೆಕ್ಟ್ ಪ್ಲಸ್ 2004ರ ಡಿಸೆಂಬರ್‌ನಲ್ಲಿ, ಟಾಟಾ ಸ್ಕೈ (ಈಗಿನ ಟಾಟಾ ಪ್ಲೇ) 2006ರಲ್ಲಿ ಬಂದವು. ಇವೆಲ್ಲ ಕೆಯು ಬ್ಯಾಂಡ್ ಪ್ರಸಾರ. ಅಲೆಯ ಉದ್ದ ಎರಡೂವರೆ ಸೆಂಟಿಮೀಟರ್, ಹಾಗಾಗಿ ಎರಡಡಿಯ ಡಿಶ್ ಸಾಕು. ಆದರೆ ಆ ಸಣ್ಣ ಅಲೆಯನ್ನು ದಪ್ಪ ಮಳೆಹನಿ ನುಂಗುತ್ತದೆ. ಕೇಬಲ್‌ನವರ ಸಿ ಬ್ಯಾಂಡ್ ಅಲೆ ಅದರ ಮೂರು ಪಟ್ಟು ಉದ್ದ, ಮಳೆಗೆ ಅಷ್ಟು ಸೋಲುವುದಿಲ್ಲ. ಮಲಪ್ರಭೆ ಹುಟ್ಟುವ ಕಣಕುಂಬಿಯಲ್ಲಿ ಆಷಾಢದ ಸಂಜೆ ಪರದೆ ಖಾಲಿಯಾಗುವುದಕ್ಕೂ ಅದೇ ಹೊತ್ತಿಗೆ ಹಿಂದವಾಡಿಯ ಕೇಬಲ್ ಮನೆಯಲ್ಲಿ ಟಿವಿ ನಡೆಯುವುದಕ್ಕೂ ಇದೇ ಕಾರಣ.

ಸಣ್ಣ ಡಿಶ್‌ಗೆ ಇನ್ನೊಂದು ಗುಣವಿದೆ. ಅದರ ನೋಟ ಸುಮಾರು ಮೂರು ಡಿಗ್ರಿ ಅಗಲ. ನಡುವಿನಿಂದ ಒಂದೂವರೆ ಡಿಗ್ರಿ ಆಚೀಚೆ ಆದರೆ ಬಲ ಅರ್ಧಕ್ಕಿಳಿಯುತ್ತದೆ, ಎರಡಾದರೆ ಕೆಲಸ ಕೆಟ್ಟಿತು. ಡಿಡಿ ಡೈರೆಕ್ಟ್ ಪ್ಲಸ್ ಮೊದಲು 95 ಡಿಗ್ರಿಯ ಎನ್‌ಎಸ್‌ಎಸ್-6ರಲ್ಲಿತ್ತು. 2007ರಲ್ಲಿ ಇನ್ಸಾಟ್-4ಬಿ ಏರಿದ ಮೇಲೆ 93.5ಕ್ಕೆ ಬಂತು. ಒಂದೂವರೆ ಡಿಗ್ರಿಯ ಜರುಗು. ಕಾಗದದ ಮೇಲೆ ಅದು ಏನೂ ಅಲ್ಲ, ಮಾಳಿಗೆಯ ಮೇಲೆ ಪಾನಾ ಹಿಡಿದವನಿಗೆ ಒಂದು ಮಧ್ಯಾಹ್ನ.

ನಿಜವಾದ ಪೆಟ್ಟು ಬಿದ್ದದ್ದು 2010ರ ಜುಲೈ 7ರಂದು. ಇನ್ಸಾಟ್-4ಬಿಯ ಎರಡು ಸೌರಫಲಕಗಳಲ್ಲಿ ಒಂದರ ವಿದ್ಯುತ್ ನಿಂತುಹೋಯಿತು. ಉಳಿದ ಅರ್ಧ ಶಕ್ತಿಯಲ್ಲಿ ಉಪಗ್ರಹ ಬದುಕಬೇಕಾದರೆ ಸಿಗ್ನಲ್ ಹಿಡಿದು ಮರಳಿ ಕಳಿಸುವ ಟ್ರಾನ್ಸ್‌ಪಾಂಡರ್‌ಗಳಲ್ಲಿ ಸುಮಾರು ಅರ್ಧದಷ್ಟನ್ನು ಆರಿಸುವುದೇ ದಾರಿಯಾಗಿತ್ತು. ದೂರದರ್ಶನದ ಪ್ರಸಾರ ಉಳಿಯಿತು; ದಕ್ಷಿಣದ ರಾಜ್ಯಗಳಲ್ಲಿ ಅಗ್ಗದ ದರಕ್ಕೆ ಹಬ್ಬಿದ್ದ ಸನ್ ಡೈರೆಕ್ಟ್‌ಗೆ ಏಟು ಬಿತ್ತು. ಕಂಪನಿ ಮಲೇಷ್ಯಾದ ಮೀಸ್ಯಾಟ್-3ರಲ್ಲಿ ಜಾಗ ಹಿಡಿಯಿತು, 91.5 ಡಿಗ್ರಿಗೆ. ಎರಡೇ ಡಿಗ್ರಿ. ಆದರೆ ಮೇಲೆ ಹೇಳಿದ ಲೆಕ್ಕದಲ್ಲಿ ಎರಡು ಡಿಗ್ರಿ ಎಂದರೆ ಪರದೆ ಖಾಲಿ. ಬೆಳಗಾವಿಯಲ್ಲಿ ಇದಕ್ಕೆ ಡಿಶ್ ಅನ್ನು ಮೂರು ಡಿಗ್ರಿಗಿಂತ ತುಸು ಹೆಚ್ಚು ದಕ್ಷಿಣಕ್ಕೆ ಹೊರಳಿಸಿ, ಎರಡು ಡಿಗ್ರಿಗೆ ಒಂದಿಷ್ಟು ಕಡಿಮೆ ಮೇಲಕ್ಕೆತ್ತಬೇಕು. ಕಂಬದ ಮೇಲೆ ಅಳೆದರೆ ಅದು ಬೆರಳಿನ ಅಗಲವೂ ಅಲ್ಲ.

ಆ ಕೆಲಸ ನಡೆಯುವ ರೀತಿ ಈ ಭಾಗದವರಿಗೆಲ್ಲ ಗೊತ್ತು. ಮಾಳಿಗೆಯ ಮೇಲೆ ಒಬ್ಬ, ಕಿಟಕಿಯ ಬಳಿ ಒಬ್ಬ, ಟಿವಿಯ ಮುಂದೆ ಒಬ್ಬ ಹುಡುಗ. ‘ಬಂತೇನೋ?’ ‘ಇಲ್ಲೋ ಕಾಕಾ, ಇನ್ನೂ ಗೆರಿ ಕೆಂಪೈತಿ.’ ‘ಈಗ?’ ‘ಬಂತು, ಬಂತು… ಹೋತು!’ ‘ಎಷ್ಟಿತ್ತೋ?’ ‘ನಲವತ್ತಾಗಿತ್ತು.’ ಬಾಕ್ಸಿನಲ್ಲಿ ಸಿಗ್ನಲ್ ಬರಲು ಎರಡು ಕ್ಷಣ ಬೇಕು. ಮೇಲಿನವನು ಆ ಎರಡು ಕ್ಷಣ ತಾಳದೆ ಮತ್ತೆ ತಿರುಗಿಸಿಬಿಡುತ್ತಾನೆ, ಹಿಡಿದ ಸಿಗ್ನಲ್ ಮತ್ತೆ ಜಾರುತ್ತದೆ. ಇದು ಜುಲೈ ತಿಂಗಳಲ್ಲಿ, ಪಾಚಿಗಟ್ಟಿದ ಹೆಂಚಿನ ಮೇಲೆ ನಡೆಯಬೇಕಾದ ಕೆಲಸ ಎಂದರೆ ಖಾನಾಪುರ ಸೀಮೆಯ ಕಷ್ಟ ಅರ್ಥವಾದೀತು. ಅಲ್ಲಿ ಮಳೆಗಾಲದಲ್ಲಿ ಪರದೆ ಹೋದರೆ ಯಾರಾದರೂ ಮೊದಲು ಮಳೆಯನ್ನೇ ಬಯ್ಯುತ್ತಾರೆ. ಉಪಗ್ರಹ ಬದಲಾಗಿದೆ ಎಂಬುದು ಹೊಳೆಯುವುದೇ ತಡವಾಗಿ. ತಿಳಿಸಬೇಕಾದ ಟಿವಿಯೇ ಬಂದ್ ಆಗಿರುತ್ತದೆ. ಮುಂದೆ ಸನ್ ಡೈರೆಕ್ಟ್‌ನ ಪ್ರಸಾರ 93.5ರ ಜಿಸ್ಯಾಟ್-15ರಲ್ಲಿ ಜಾಗ ಪಡೆಯಿತು.

ಈ ಜಿಸ್ಯಾಟ್-15ನ್ನು ನಾನು ಒಳ್ಳೆಯ ವಲಸೆಯ ಮಾದರಿ ಎನ್ನುತ್ತೇನೆ. 2015ರ ನವೆಂಬರ್‌ನಲ್ಲಿ ಏರಿದ ಅದನ್ನು ಇಸ್ರೋ ಇನ್ಸಾಟ್-4ಬಿ ಇದ್ದ 93.5ರಲ್ಲೇ ನಿಲ್ಲಿಸಿತು. ಆ ಹೊತ್ತಿಗೆ ಫ್ರೀ ಡಿಶ್ ಎಂಬ ಹೆಸರು ಪಡೆದಿದ್ದ ದೂರದರ್ಶನದ ಸೇವೆ ಅದರ ಮೇಲೆ ಹೋಯಿತು. ಯಾವ ಮನೆಯವರೂ ಪಾನಾ ಹುಡುಕಬೇಕಾಗಲಿಲ್ಲ. ಹಳೆಯ ಇನ್ಸಾಟ್-4ಬಿಯನ್ನು 2022ರ ಜನವರಿಯಲ್ಲಿ ಸುಮಾರು 340 ಕಿ.ಮೀ. ಮೇಲಕ್ಕೆ ಎತ್ತಿ ನಿವೃತ್ತಿಗೊಳಿಸಿದರು. ಟಾಟಾದವರದೂ ಇದೇ ಹಾದಿ: 2005ರ ಇನ್ಸಾಟ್-4ಎ ಮುದಿಯಾದಾಗ ಜಿಸ್ಯಾಟ್-10, ಜಿಸ್ಯಾಟ್-30, 2022ರಲ್ಲಿ ಜಿಸ್ಯಾಟ್-24, ಎಲ್ಲವೂ 83ಕ್ಕೇ.

ಈಚಿನ ವಲಸೆಗೆ ಕಾರಣ ಇಂಧನವೂ ಅಲ್ಲ, ಸೌರಫಲಕವೂ ಅಲ್ಲ, ಸರ್ಕಾರದ ನೀತಿ. ವಿದೇಶಿ ಉಪಗ್ರಹಗಳು ಇಲ್ಲಿ ಸೇವೆ ಕೊಡಬೇಕಾದರೆ ಬಾಹ್ಯಾಕಾಶ ಕ್ಷೇತ್ರದ ನಿಯಂತ್ರಕ ಇನ್-ಸ್ಪೇಸ್ ಸಂಸ್ಥೆಯ ಅನುಮತಿ ಬೇಕೆಂಬ ನಿಯಮ 2025ರಿಂದ ಬಿಗಿಯಾಯಿತು. ಚೀನಾದ ಪಾಲುಬಂಡವಾಳವಿರುವ ಏಷ್ಯಾಸ್ಯಾಟ್‌ಗೆ ಸಿಕ್ಕಿದ್ದು 2026ರ ಮಾರ್ಚ್‌ವರೆಗಿನ ಅನುಮತಿ ಮಾತ್ರ. ಮೂರು ದಶಕ 105.5ನ್ನೇ ನೆಚ್ಚಿದ್ದ ದೊಡ್ಡ ಬಳಗಗಳು ಜಿಸ್ಯಾಟ್, ಇಂಟೆಲ್‌ಸ್ಯಾಟ್‌ಗಳ ಕಡೆಗೆ ಚಾನೆಲ್ ಸಾಗಿಸತೊಡಗಿದವು. ಇದರ ಬಿಸಿ ತಟ್ಟುವುದು ದೊಡ್ಡ ಕೇಬಲ್ ಕಂಪನಿಗಳಿಗೆ. ಹಿಂದವಾಡಿಯಂಥ ಕಡೆ ಡಿಜಿಟಲ್ ಕಡ್ಡಾಯವಾದ ಮೇಲೆ ಓಣಿಯ ಕೇಬಲ್‌ನವನಿಗೆ ದೂರದ ಕಂಟ್ರೋಲ್ ರೂಮಿನಿಂದ ಫೈಬರ್‌ನಲ್ಲೇ ಎಲ್ಲ ಬರುತ್ತದೆ. ಉಪಗ್ರಹ ಯಾವುದಾದರೂ ಇಲ್ಲಿಯ ವೀಕ್ಷಕನಿಗೆ ಗೊತ್ತೂ ಆಗುವುದಿಲ್ಲ. ಅನೇಕರಿಗೆ ಟಿವಿ ಬರುವುದೇ ಇಂಟರ್ನೆಟ್ಟಿನಲ್ಲಿ.

ಉಳಿದವರು ಖಾನಾಪುರ ಸೀಮೆಯ ಗುಂಜಿ, ಹೆಮ್ಮಡಗಾ, ಗವಳಿಯಂಥ ಊರುಗಳವರು. ಅಲ್ಲಿಗೆ ಫೈಬರ್ ಎಳೆಯುವುದು ಸುಲಭವಲ್ಲ, ಮೊಬೈಲ್ ಸಿಗ್ನಲ್ಲೇ ಗುಡ್ಡ ಹತ್ತಿ ಹುಡುಕಬೇಕಾದ ಜಾಗಗಳಿವೆ. ತಿಂಗಳ ಬಾಡಿಗೆಯಿಲ್ಲದ ಫ್ರೀ ಡಿಶ್ ಅವರಿಗೆ ಆಸರೆ. ಒಂದೇ ಡಿಶ್‌ನಲ್ಲಿ ಚಂದನವೂ ಬರುತ್ತದೆ, ಮರಾಠಿಯ ಸಹ್ಯಾದ್ರಿಯೂ ಬರುತ್ತದೆ. ಮನೆಯಲ್ಲಿ ಒಂದು, ಶಾಲೆಯಲ್ಲಿ ಇನ್ನೊಂದು ಭಾಷೆ ಆಡುವ ಈ ಸೀಮೆಗೆ ಎರಡೂ ಬೇಕು. ಹಳೆಯ ಮರುಪ್ರಸಾರ ಕೇಂದ್ರಗಳನ್ನು ಪ್ರಸಾರ ಭಾರತಿ 2022ರ ಹೊತ್ತಿಗೆ ಬಹುತೇಕ ಮುಚ್ಚಿರುವುದರಿಂದ ಕಡ್ಡಿ ಆಂಟೆನಾಕ್ಕೆ ಹಿಂದಿರುಗುವ ದಾರಿಯೂ ಇಲ್ಲ.

ಜಿಸ್ಯಾಟ್-15ಕ್ಕೆ ಗೊತ್ತುಮಾಡಿದ ಆಯಸ್ಸು 12 ವರ್ಷ. ಆ ಲೆಕ್ಕ 2027ರ ಕೊನೆಗೆ ಮುಗಿಯುತ್ತದೆ. ಅದರ ಉತ್ತರಾಧಿಕಾರಿ 93.5ರಲ್ಲೇ ನಿಲ್ಲಬೇಕು. ಯಾವ ಕಾರಣಕ್ಕಾದರೂ ವಿಳಾಸ ಬದಲಿಸುವುದೇ ಆದರೆ, ಮಳೆಗಾಲ ತಪ್ಪಿಸಿ ದಿನ ಗೊತ್ತುಮಾಡಬೇಕು. ಕೆಲವು ತಿಂಗಳಾದರೂ ಎರಡೂ ಕಡೆ ಪ್ರಸಾರ ನಡೆಸಬೇಕು. ಡಿಶ್ ಎತ್ತ ಎಷ್ಟು ತಿರುಗಿಸಬೇಕೆಂದು ಚಂದನದಲ್ಲಿ ಕನ್ನಡದಲ್ಲಿ, ಸಹ್ಯಾದ್ರಿಯಲ್ಲಿ ಮರಾಠಿಯಲ್ಲಿ ದಿನವೂ ತೋರಿಸಬೇಕು. ಮೆಕ್ಯಾನಿಕ್ ಖಾನಾಪುರದಿಂದ ಗವಳಿಗೆ ಹೋಗಿ ಬರುವ ಖರ್ಚನ್ನು ಫ್ರೀ ಡಿಶ್ ಇಟ್ಟುಕೊಂಡ ಮನೆಯವರ ಮೇಲೆ ಹಾಕಕೂಡದು.