ಒಂದು ಹೊತ್ತಿಗೆ ಒಬ್ಬರೇ!

1978ರ ಜನವರಿ. ಷಿಕಾಗೋದಲ್ಲಿ ಹೊರಗೆ ಕಾಲಿಡೋಕಾಗದಷ್ಟು ಹಿಮ. ಮನೆಯಲ್ಲೇ ಸಿಕ್ಕಿಬಿದ್ದ ವಾರ್ಡ್ ಕ್ರಿಸ್ಟೆನ್ಸನ್ ಸಾಫ್ಟ್‌ವೇರ್ ಬರೆದರು, ಗೆಳೆಯ ರ‍್ಯಾಂಡಿ ಸ್ಯೂಸ್ ಯಂತ್ರ ಜೋಡಿಸಿದರು. ಫೆಬ್ರವರಿ 16ಕ್ಕೆ ‘ಸಿಬಿಬಿಎಸ್’ ಶುರು. ಅದೇನು ಅಂತೀರಾ? ಕಂಪ್ಯೂಟರಿನೊಳಗೊಂದು ನೋಟಿಸ್ ಬೋರ್ಡ್. ಮೋಡೆಮ್‌ನಿಂದ ಫೋನ್ ಮಾಡಿ ಓದಬೇಕು, ಬರೆಯಬೇಕು, ಮುಂದಿನವರಿಗೆ ಲೈನ್ ಬಿಡಬೇಕು. ನನಗಿಷ್ಟವಾಗೋದು ಈ ಮಿತಿಯೇ. ದೂರದ ಕರೆ ದುಬಾರಿ, ಹಾಗಾಗಿ ಊರಿನವರಿಗೇ ಅನುಕೂಲ. ಯಂತ್ರ ಇದ್ದದ್ದು ಸ್ಯೂಸ್ ಮನೆಯಲ್ಲಿ. ನಿಮ್ಮ ಮಾತನ್ನು ಅವರು ಓದಬಹುದಿತ್ತು, ನಿಜ. ಕೊಳ್ಳೋಕೆ ಜಾಹೀರಾತುದಾರ ಮಾತ್ರ ಕಾಯ್ತಿರಲಿಲ್ಲ.

ಈಗ 2018ಕ್ಕೆ ಬನ್ನಿ. ಕೇಂಬ್ರಿಡ್ಜ್ ಅನಲಿಟಿಕಾ ಪ್ರಕರಣದಲ್ಲಿ ಫೇಸ್‌ಬುಕ್ಕೇ ಕೊಟ್ಟ ಲೆಕ್ಕ ಇದು: ಆ ಆ್ಯಪ್ ಹಾಕಿಕೊಂಡ ಭಾರತೀಯರು 335 ಮಂದಿ. ಮಾಹಿತಿ ಸೋರಿರಬಹುದಾದವರು 5.6 ಲಕ್ಷ! ಉಳಿದವರು ಮಾಡಿದ್ದೇನು? ಆ ಆ್ಯಪ್ ಹಾಕಿಕೊಂಡವರ ಫ್ರೆಂಡ್ಸ್ ಆಗಿದ್ದರು, ಅಷ್ಟೇ.